ಹಳೆಯ ‘ಹೋಪ್ ಚೆಸ್ಟ್’ ಮನೆಗೆ ಬಂದಿದೆ, ತಿಳಿದವರು ಹೇಳಿ

ಶರಾವತಿ_ತೀರ · ಭಾನುವಾರ

ಎಲ್ಲರಿಗೂ ನಮಸ್ಕಾರ. ಊರು ಸಾಗರ, ಈಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ. ಇಲ್ಲಿ ಹಿರಿಯರು ತೀರಿಕೊಂಡರೆ ಮನೆಯ ಸಾಮಾನನ್ನು ಆ ಮನೆಯಲ್ಲೇ ಬೆಲೆಚೀಟಿ ಅಂಟಿಸಿ ಮಾರಾಟಕ್ಕಿಡುವ ಪದ್ಧತಿಯಿದೆ. ನಿನ್ನೆ ಅಂಥ ಒಂದು ಮನೆಗೆ ಕಬ್ಬಿಣದ ಬಾಣಲೆ ಕೊಳ್ಳಲು ಹೋದವಳು ಮರದ ಪೆಟ್ಟಿಗೆ ಹೊತ್ತು ತಂದೆ. (ಹೊತ್ತವರು ನಮ್ಮ ಯಜಮಾನರು. ಇವತ್ತು ಸೊಂಟ ಹಿಡಿದುಕೊಂಡು ಕುಳಿತಿದ್ದಾರೆ.)

ಹೆಚ್ಚುಕಡಿಮೆ ನಾಲ್ಕು ಅಡಿ ಉದ್ದವಿದೆ. ಹೊರಗೆ ವಾಲ್‌ನಟ್ ಮರದ ತೆಳು ಹೊದಿಕೆ, ಒಳಗೆಲ್ಲ ಕೆಂಪು ಮರ. ಮುಚ್ಚಳ ಎತ್ತಿದರೆ ಮೂರನೆಯ ತರಗತಿಯಲ್ಲಿ ಪೆನ್ಸಿಲ್ ಹೆರೆಯುತ್ತಿದ್ದಾಗ ಬರುತ್ತಿದ್ದ ವಾಸನೆ ಮೂಗಿಗೆ ಬಡಿಯುತ್ತದೆ. ಒಳಗೆ ‘ಲೇನ್’ ಎಂಬ ಅಚ್ಚು, ತಳದಲ್ಲಿ 845160 ಎಂಬ ಸಂಖ್ಯೆ. ಮುಚ್ಚಳದ ಒಳಮೈಗೆ ಗುಂಡುಸೂಜಿಯಲ್ಲಿ ಚುಚ್ಚಿದ ಒಂದು ಹಾಳೆ. ಪೆನ್ಸಿಲಿನಲ್ಲಿ ಬರೆದ ಪಟ್ಟಿ: ಬೆಡ್‌ಶೀಟ್ 6, ದಿಂಬಿನ ಗವುಸು 8, ಟವೆಲ್ 12, ಟೇಬಲ್ ಕ್ಲಾತ್ 1. ಮೊದಲ ಮೂರಕ್ಕೂ ಅಡ್ಡಗೀಟು ಎಳೆದಿದ್ದಾರೆ. ನಾಲ್ಕನೆಯದಕ್ಕೆ ಗೀಟಿಲ್ಲ, ಪಕ್ಕದಲ್ಲಿ ‘ಅರ್ಧ’ ಎಂದಿದೆ. ಪೆಟ್ಟಿಗೆಯ ತಳದಲ್ಲಿ ಒಂದು ಬಿಳಿ ಬಟ್ಟೆ. ಒಂದು ಅಂಚಿಗೆ ನೀಲಿ ದಾರದ ಹೂಬಳ್ಳಿ, ಬಳ್ಳಿ ಮೂಲೆ ತಿರುಗುವ ಮೊದಲೇ ನಿಂತುಹೋಗಿದೆ. ಸೂಜಿ ಬಟ್ಟೆಯಲ್ಲೇ ಇದೆ!

ಮಾರಿದವರು ಇದನ್ನು ‘ಹೋಪ್ ಚೆಸ್ಟ್’ ಎಂದರು. ಮದುವೆಗೆ ಮುಂಚೆ ಹುಡುಗಿಯರು ಮುಂದಿನ ಸಂಸಾರಕ್ಕೆ ಬೇಕಾದದ್ದನ್ನು ಕೂಡಿಡುತ್ತಿದ್ದ ಪೆಟ್ಟಿಗೆಯಂತೆ. ಇದರ ಪೂರ್ವಾಪರ ಏನು? ಕನ್ನಡದಲ್ಲಿ ಏನೆಂದು ಕರೆಯೋಣ? ಹೇಗೆ ನೋಡಿಕೊಳ್ಳಬೇಕು?

ಬಾಚಿ_ಉಳಿ · ಭಾನುವಾರ

ಮೇಡಂ, ಮಿಕ್ಕದ್ದೆಲ್ಲ ಆಮೇಲೆ. ಮೊದಲು ಬೀಗ ನೋಡಿ. ಮುಚ್ಚಳ ಹಾಕಿದ ಕೂಡಲೇ ತಾನಾಗಿ ಬೀಳುವ ಬೀಗವಾಗಿದ್ದರೆ ಇವತ್ತೇ ಬಿಚ್ಚಿಹಾಕಿ. 1912ರಿಂದ 1987ರವರೆಗೆ ತಯಾರಾದ ಲೇನ್ ಪೆಟ್ಟಿಗೆಗಳ ಬೀಗವನ್ನು ಒಳಗಿನಿಂದ ತೆರೆಯಲು ಆಗುವುದಿಲ್ಲ. ಕಣ್ಣಾಮುಚ್ಚಾಲೆ ಆಡುತ್ತ ಒಳಗೆ ಅಡಗಿದ ಮಕ್ಕಳು ಉಸಿರುಗಟ್ಟಿ ಸತ್ತಿದ್ದಾರೆ. 1996ರಲ್ಲಿ ಸುಮಾರು 1 ಕೋಟಿ 20 ಲಕ್ಷ ಪೆಟ್ಟಿಗೆಗಳ ಬೀಗ ಬದಲಿಸಿಕೊಳ್ಳಿ ಎಂದು ಅಲ್ಲಿ ಪ್ರಕಟಣೆ ಹೊರಡಿಸಿದರು, ಹೊಸ ಬೀಗವನ್ನು ಉಚಿತವಾಗಿಯೇ ಕೊಟ್ಟರು. ಆದರೆ ಪೆಟ್ಟಿಗೆ ಕೈಯಿಂದ ಕೈಗೆ ದಾಟುವಾಗ ಪ್ರಕಟಣೆ ಅದರ ಜೊತೆಗೆ ದಾಟುವುದಿಲ್ಲವಲ್ಲ. 2014ರಲ್ಲಿಯೂ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಕ್ಕ ತಮ್ಮ ಇಬ್ಬರು ಪುಟ್ಟ ಮಕ್ಕಳು ಹೀಗೆಯೇ ಹೋದರು.

ಶರಾವತಿ_ತೀರ · ಭಾನುವಾರ

ಓದಿ ಎದೆ ಧಸಕ್ಕೆಂದಿತು. ಓಡಿಹೋಗಿ ನೋಡಿದೆ. ಪುಣ್ಯಕ್ಕೆ ಯಾರೋ ಮೊದಲೇ ಬೀಗ ತೆಗೆದಿದ್ದಾರೆ. ಹೊರಗೆ ಒಂದು ದುಂಡು ತೂತು, ಒಳಗೆ ಸ್ಕ್ರೂ ಇದ್ದ ಗುರುತುಗಳು ಮಾತ್ರ ಉಳಿದಿವೆ. ತುಂಬಾ ಉಪಕಾರವಾಯಿತು ಸರ್.

ಹಳೆಕಾಗದ · ಭಾನುವಾರ

ಆ ಸಂಖ್ಯೆಯನ್ನು ಹಿಂದುಮುಂದಾಗಿ ಓದಿ: 061548. ಲೇನ್‌ನವರ ಲೆಕ್ಕದಲ್ಲಿ ಮೊದಲು ತಿಂಗಳು, ಆಮೇಲೆ ದಿನ, ಕೊನೆಗೆ ವರ್ಷ. ನಿಮ್ಮ ಪೆಟ್ಟಿಗೆ 1948ರ ಜೂನ್ 15ರಂದು, ಮಂಗಳವಾರ, ಕಾರ್ಖಾನೆಯಿಂದ ಹೊರಬಿದ್ದಿದೆ.

ಕಾರ್ಖಾನೆ ಇದ್ದದ್ದು ವರ್ಜೀನಿಯಾದ ಅಲ್ಟಾವಿಸ್ಟಾ ಎಂಬ ಸಣ್ಣ ಊರಿನಲ್ಲಿ. 1912ರಲ್ಲಿ ತಂದೆ ಜಾನ್ ಲೇನ್ ಒಂದು ಹಳೆಯ ಕಾರ್ಖಾನೆ ಕೊಂಡು ಮಗ ಎಡ್ವರ್ಡ್ ಕೈಗೆ ಕೊಟ್ಟ. ಮೊದಲ ಮಹಾಯುದ್ಧದಲ್ಲಿ ಸೇನೆಗೆ ಮದ್ದುಗುಂಡಿನ ಪೆಟ್ಟಿಗೆ ಮಾಡಿಕೊಟ್ಟರು. ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ಕೆಲಸ ಮಾಡಿ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳುವ ವಿಧಾನ ಅಲ್ಲಿ ಕೈಗೆ ಹತ್ತಿತು. ಯುದ್ಧ ಮುಗಿದ ಮೇಲೆ ಅದೇ ವಿಧಾನದಲ್ಲಿ ಮದುವೆ ಪೆಟ್ಟಿಗೆ. ಗುಂಡು ತುಂಬಲು ಕಲಿತ ಕೈ ಕಸೂತಿ ತುಂಬಲು ಬಂತು ಅನ್ನಿ.

ಅವರ ವ್ಯಾಪಾರದ ಜಾಣ್ಮೆ ಇನ್ನೊಂದಿದೆ. ಹೈಸ್ಕೂಲು ಮುಗಿಸಿದ ಹುಡುಗಿಯರಿಗೆ ಸ್ಥಳೀಯ ಪೀಠೋಪಕರಣ ಅಂಗಡಿಗಳ ಮೂಲಕ ಗೇಣುದ್ದದ ಪುಟ್ಟ ಪೆಟ್ಟಿಗೆಯನ್ನು ಬೀಗದ ಕೈ ಸಮೇತ ಪುಕ್ಕಟೆ ಕೊಡುತ್ತಿದ್ದರು. ಚಿಕ್ಕದು ಮನೆಗೆ ಬಂದರೆ ದೊಡ್ಡದು ಹಿಂದೆಯೇ ಬರುತ್ತದೆ ಎಂಬ ಲೆಕ್ಕ. 1940ರ ದಶಕದಲ್ಲಿ ಹಾಲಿವುಡ್ ನಟಿ ಶರ್ಲಿ ಟೆಂಪಲ್ ಇವರ ಜಾಹೀರಾತಿನಲ್ಲಿ ಕಾಣಿಸಿಕೊಂಡಳು. ಯುದ್ಧಕ್ಕೆ ಹೋದ ಹುಡುಗ, ಕಾಯುವ ಹುಡುಗಿ, ನಡುವೆ ಒಂದು ಪೆಟ್ಟಿಗೆ. ಅಮೆರಿಕದಲ್ಲಿ ಹೋಪ್ ಚೆಸ್ಟ್ ಎಂದರೆ ಲೇನ್ ಎನ್ನುವಷ್ಟು ಹೆಸರು ಬೇರೂರಿತು. ಅಲ್ಟಾವಿಸ್ಟಾದ ಕಾರ್ಖಾನೆ 2001ರಲ್ಲಿ ಮುಚ್ಚಿತು.

ಬಾಚಿ_ಉಳಿ · ಭಾನುವಾರ

ಹಳೆಕಾಗದ ಅವರೇ, ಎಲ್ಲ ಸರಿ. ಆದರೆ ಇದು ಕಾರ್ಖಾನೆ ಮಾಲು. ಕೈಕೆಲಸದ ಪೆಟ್ಟಿಗೆ ನೋಡಬೇಕೆಂದರೆ ಮೇಡಂ ಅವರು ಎಲ್ಲೂ ದೂರ ಹೋಗಬೇಕಾಗಿಲ್ಲ, ಅವರಿರುವ ನೆಲವೇ ಅದರ ತವರು. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ಮಾತಾಡುವ ರೈತರು ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದರು. ಮಕ್ಕಳು ಹರೆಯಕ್ಕೆ ಬಂದಾಗ ಬಡಗಿಗೆ ಹೇಳಿ ಪೆಟ್ಟಿಗೆ ಮಾಡಿಸುತ್ತಿದ್ದರು. ಮೈಮೇಲೆ ಟ್ಯುಲಿಪ್ ಹೂವು, ಹೃದಯ, ಜೋಡಿ ಹಕ್ಕಿ, ಬರ್ಕ್ಸ್ ಕೌಂಟಿಯ ಕಡೆ ಎದುರುಬದುರು ನಿಂತ ಒಂಟಿಕೊಂಬಿನ ಕುದುರೆಗಳು. ನಡುವೆ ದಪ್ಪ ಅಕ್ಷರದಲ್ಲಿ ಹುಡುಗಿಯ ಹೆಸರು, ಇಸವಿ. ಜೋನ್ಸ್‌ಟೌನ್ ಎಂಬಲ್ಲಿ ಕ್ರಿಶ್ಚಿಯನ್ ಸೆಲ್ಟ್ಸರ್ ಎಂಬ ಕುಶಲಿ ಇದ್ದ. ತಾನು ಚಿತ್ರ ಬರೆದ ಪೆಟ್ಟಿಗೆಗಳ ಮೇಲೆ ತನ್ನ ಹೆಸರನ್ನೂ ಬರೆದಿದ್ದಾನೆ. ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯಕ್ಕೆ ಹೋದರೆ ಇಂಥ ಪೆಟ್ಟಿಗೆಗಳನ್ನು ನೋಡಬಹುದು.

ಬಡಗಿಯ ಕಣ್ಣಿಗೆ ಬಣ್ಣಕ್ಕಿಂತ ಮೂಲೆ ಮುಖ್ಯ. ಬಡವರ ಮನೆಯ ಆರು ಹಲಗೆಯ ಪೆಟ್ಟಿಗೆಯಲ್ಲಿ ಮುಂದಿನ ಹಲಗೆಯ ಎಳೆ ಅಡ್ಡಕ್ಕೆ, ಪಕ್ಕದ ಹಲಗೆಯ ಎಳೆ ಉದ್ದಕ್ಕೆ. ಎರಡನ್ನೂ ಮೊಳೆ ಹೊಡೆದು ಬಿಗಿದಿರುತ್ತಾರೆ. ಮರ ಹಿಗ್ಗುವುದು ಕುಗ್ಗುವುದು ಎಳೆಗೆ ಅಡ್ಡವಾಗಿ ಮಾತ್ರ. ಹಾಗಾಗಿ ಒಂದು ಹಲಗೆ ಒಂದು ದಿಕ್ಕಿಗೆ ಎಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ. ಹತ್ತಾರು ಮಳೆಗಾಲ, ಚಳಿಗಾಲ ಕಳೆದ ಮೇಲೆ ಮುಂದಿನ ಹಲಗೆ ಸೀಳುತ್ತದೆ. ಜರ್ಮನ್ ಬಡಗಿಗಳು ನಾಲ್ಕೂ ಬದಿಯ ಎಳೆಯನ್ನು ಒಂದೇ ದಿಕ್ಕಿಗೆ ಸುತ್ತಿಸಿ, ಮೂಲೆಯಲ್ಲಿ ಕೈಬೆರಳು ಹೆಣೆದಂತೆ ಕಚ್ಚು ಹಾಕಿ ಕೂಡಿಸಿದರು. ಡವ್‌ಟೇಲ್ ಎನ್ನುತ್ತೇವಲ್ಲ, ಅದು. ನಾಲ್ಕೂ ಹಲಗೆ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ, ಜಗಳವೇ ಇಲ್ಲ. ಇನ್ನೂರು ವರ್ಷದ ಮೇಲೂ ಆ ಮೂಲೆಗಳು ಬಿಟ್ಟುಕೊಂಡಿಲ್ಲ ಎಂದರೆ ಕಾರಣ ಇದು.

ಕೈಕೆಲಸ ಗುರುತಿಸುವುದು ಸುಲಭ. ಕಚ್ಚುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಹಲಗೆಯ ಒಳಮೈಗೆ ಓರೆಯಾಗಿ ಟಾರ್ಚ್ ಹಿಡಿದು ಬೆರಳಾಡಿಸಿ, ಕೀಸುಳಿ ಓಡಿದ ಸಣ್ಣ ಅಲೆ ಸಿಗುತ್ತದೆ. ಒಳಗೆ ಒಂದು ತುದಿಗೆ ಮುಚ್ಚಳವಿರುವ ಕಿರುಗೂಡು ಇರುತ್ತದೆ, ಚಿಲ್ಲರೆ, ಪತ್ರ, ಉಂಗುರ ಇಡಲು. ಆ ಕಿರುಮುಚ್ಚಳ ತಿರುಗುವುದು ಲೋಹದ ಕೀಲಿನ ಮೇಲಲ್ಲ, ಮರದ್ದೇ ಗೂಟದ ಮೇಲೆ. ನನಗೆ ಇಡೀ ಪೆಟ್ಟಿಗೆಯಲ್ಲಿ ಇಷ್ಟವಾಗುವುದು ಅದೇ.

ಉಪ್ಪಿಟ್ಟು_ವಿರೋಧಿ · ಭಾನುವಾರ

ಕನ್ನಡದಲ್ಲಿ ‘ಕನಸಿನ ಪೆಟ್ಟಿಗೆ’ ಎನ್ನೋಣವೇ?

ಕಡಲತಡಿ · ಭಾನುವಾರ

ಬೇಡ ಮಾರಾಯರೇ, ಲಾಟರಿ ಅಂಗಡಿಯ ಬೋರ್ಡಿನಂತೆ ಕೇಳುತ್ತದೆ.

ಇಳಕಲ್_ಅಂಚು · ಸೋಮವಾರ

‘ಬಳುವಳಿ ಪೆಟ್ಟಿಗೆ’ ಹೇಗೆ? ಒಳ್ಳೆಯ ಹಳೆಯ ಮಾತು.

ಮಿತಾಕ್ಷರಿ · ಸೋಮವಾರ

ಮಾತು ಚೆನ್ನಾಗಿದೆ ಅಕ್ಕ, ಅರ್ಥ ಕೂಡುವುದಿಲ್ಲ. ಬಳುವಳಿ ತವರಿನವರು ಕೊಡುವುದು. ಇಲ್ಲಿ ಒಳಗಿರುವುದನ್ನು ಹುಡುಗಿಯೇ ಹತ್ತು ಹನ್ನೆರಡನೆಯ ವಯಸ್ಸಿನಿಂದ ಹೊಲಿದು, ಅಂಚು ಮಡಿಚಿ, ತನ್ನ ಹೆಸರಿನ ಅಕ್ಷರ ಕಸೂತಿ ಹಾಕಿ ಕೂಡಿಡುತ್ತಾಳೆ. ಕೊಟ್ಟದ್ದು ಪೆಟ್ಟಿಗೆ ಮಾತ್ರ. ಇಂಗ್ಲೆಂಡಿನಲ್ಲಿ ಇದನ್ನೇ ‘ಕೆಳಗಿನ ಡ್ರಾಯರ್’ ಎನ್ನುತ್ತಾರೆ, ಆಸ್ಟ್ರೇಲಿಯಾದಲ್ಲಿ ‘ಗ್ಲೋರಿ ಬಾಕ್ಸ್’. ಒಂದೊಂದು ಊರಿಗೆ ಒಂದೊಂದು ಹೆಸರು. ನಮ್ಮಲ್ಲಿ ಆ ವಾಡಿಕೆ ಅದೇ ರೂಪದಲ್ಲಿ ಇರಲಿಲ್ಲ, ಆದ್ದರಿಂದ ಮಾತೂ ಇಲ್ಲ. ‘ಹೋಪ್ ಚೆಸ್ಟ್’ ಎಂದೇ ಬಿಡೋಣ. ಬಸ್ಸು, ಬೀರು ಎಲ್ಲ ಒಳಗೆ ಬಂದು ಕುಳಿತಿಲ್ಲವೇ?

ನೇರಮಾತು · ಸೋಮವಾರ

ಎಲ್ಲರೂ ಮರದ ವಾಸನೆಯಲ್ಲಿ ತೇಲುತ್ತಿದ್ದೀರಿ, ಕ್ಷಮಿಸಿ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ. ಹತ್ತು ವರ್ಷದ ಮಗುವನ್ನು ಕೂರಿಸಿ ‘ನಿನ್ನ ಗಂಡನ ಮನೆಗೆ’ ಎಂದು ದಿಂಬಿನ ಗವುಸು ಹೊಲಿಸುವುದರಲ್ಲಿ ಏನು ಸೊಗಸು? ಹುಡುಗಿಗೆ ಇರುವ ಒಂದೇ ‘ಹೋಪ್’ ಮದುವೆ ಎಂದು ಪೆಟ್ಟಿಗೆಯ ಹೆಸರೇ ಸಾರುತ್ತಿದೆ. ಹೂವು ಹಕ್ಕಿ ಬರೆದ ವರದಕ್ಷಿಣೆ, ಅಷ್ಟೇ. ನಮ್ಮಲ್ಲಿ 1961ರಲ್ಲಿ ಅದನ್ನು ನಿಷೇಧಿಸಿ ಕಾಯಿದೆ ಮಾಡಿದರು. ಆಮೇಲೆ ಸ್ಟೀಲ್ ಬೀರು, ಮಂಚ, ಹಾಸಿಗೆ, ಮಿಕ್ಸಿ ಎಲ್ಲವೂ ‘ಪ್ರೀತಿಯಿಂದ ಕೊಟ್ಟದ್ದು’ ಆಗಿಬಿಟ್ಟಿತು.

ಹಳೆಕಾಗದ · ಸೋಮವಾರ

ನೇರಮಾತು ಅವರ ಹುಳಿ ಫ್ಲಾರೆನ್ಸಿಗೆ ಸರಿಯಾಗಿ ಹಿಂಡಬೇಕಾದದ್ದು. ಹದಿನೈದನೆಯ ಶತಮಾನದ ಫ್ಲಾರೆನ್ಸಿನಲ್ಲಿ ವರದಕ್ಷಿಣೆ ಎಷ್ಟು ಏರಿತ್ತೆಂದರೆ, 1425ರಲ್ಲಿ ನಗರ ಸರ್ಕಾರವೇ ಒಂದು ವರದಕ್ಷಿಣೆ ನಿಧಿ ತೆರೆಯಿತು. ಮಗಳು ಚಿಕ್ಕವಳಿರುವಾಗ ತಂದೆ ಹಣ ಕಟ್ಟಬೇಕು, ಮದುವೆಯಾದಾಗ ಬಡ್ಡಿ ಸೇರಿ ಗಂಡನಿಗೆ ಸಿಗುತ್ತದೆ. ಆ ಮದುವೆಗಳ ಜೊತೆಗೆ ಬಂದದ್ದು ಕಸೋನೆ ಎಂಬ ಭಾರಿ ಪೆಟ್ಟಿಗೆ, ಸಾಮಾನ್ಯವಾಗಿ ಜೋಡಿ. ವಧುವನ್ನು ಗಂಡನ ಮನೆಗೆ ಕಳಿಸುವ ದಿಬ್ಬಣದಲ್ಲಿ ಪೆಟ್ಟಿಗೆಗಳನ್ನು ಬೀದಿಯಲ್ಲಿ ಮೆರೆಸಿಕೊಂಡು ಹೋಗುತ್ತಿದ್ದರು. ಊರೆಲ್ಲ ನೋಡಲಿ ಎಂದೇ.

ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿ ಅಂಥ ಒಂದು ಜೋಡಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. 1472ರಲ್ಲಿ ಲೊರೆಂಜೊ ಮೊರೆಲ್ಲಿ ಎಂಬುವವನು ವಾಜಾ ನೆರ್ಲಿಯನ್ನು ಮದುವೆಯಾಗುವಾಗ ಮಾಡಿಸಿದ್ದು. ಗಮನಿಸಿ, ಮಾಡಿಸಿದ್ದು ಗಂಡು. ಹಿಂದೆ ಹೆಣ್ಣಿನ ತಂದೆ ಕೊಡುತ್ತಿದ್ದ, ಆ ಹೊತ್ತಿಗೆ ಅದು ವರನ ಪಾಲಿಗೆ ಬಂದಿತ್ತು. ಚಿನ್ನದ ಲೇಪ, ಸಿಂಹದ ಪಂಜದಂಥ ಕಾಲು, ಮುಂದೆ ರೋಮನ್ ವೀರರ ಕಥೆ. ಬೇರೆ ಪೆಟ್ಟಿಗೆಗಳ ಮೇಲೆ ಗಂಡ ಎಷ್ಟು ಹಿಂಸಿಸಿದರೂ ತುಟಿ ಬಿಚ್ಚದ ಗ್ರಿಸೆಲ್ಡಾಳ ಕಥೆಯೂ ಇದೆ. ಹೊಸ ಸೊಸೆ ದಿನಾ ಬಟ್ಟೆ ತೆಗೆಯುವಾಗ ಪಾಠ ಕಲಿಯಲಿ ಎಂದು ಇರಬೇಕು! ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಪಾರಿಗಳು ಎಷ್ಟೋ ಕಸೋನೆಗಳ ಮುಂದಿನ ಹಲಗೆಯನ್ನು ಕೊಯ್ದು, ಚೌಕಟ್ಟು ಹಾಕಿ ಚಿತ್ರವೆಂದು ಮಾರಿದರು. ಇಂದು ಸಂಗ್ರಹಾಲಯದ ಗೋಡೆಯ ಮೇಲೆ ಉದ್ದಕ್ಕೆ, ಕುಳ್ಳಗೆ ಕಾಣುವ ಫ್ಲಾರೆನ್ಸಿನ ಚಿತ್ರ ಕಂಡರೆ ಒಮ್ಮೆ ಪೆಟ್ಟಿಗೆಯನ್ನು ನೆನೆದುಕೊಳ್ಳಿ.

ಆದರೆ ಪೆನ್ಸಿಲ್ವೇನಿಯಾದ ರೈತರ ವಿಷಯ ಬೇರೆ. ಅಲ್ಲಿ ಗಂಡುಹುಡುಗರಿಗೂ ಪೆಟ್ಟಿಗೆ ಕೊಡುತ್ತಿದ್ದರು. ಗಂಡಸರ ಹೆಸರು ಬರೆದ ಪೆಟ್ಟಿಗೆಗಳು ಉಳಿದುಬಂದಿವೆ. ಅವೆಲ್ಲವನ್ನೂ ಮದುವೆ ಪೆಟ್ಟಿಗೆ ಎಂದು ಕರೆದದ್ದು ನಂತರದ ಸಂಗ್ರಾಹಕರು. ‘ನೀನು ದೊಡ್ಡವನಾದೆ, ಇದು ನಿನ್ನದು’ ಎನ್ನುವ ಮೊದಲ ಸ್ವಂತ ಆಸ್ತಿ ಅದು. ಕೆಲವರು ತಮ್ಮ ಜನನ, ದೀಕ್ಷಾಸ್ನಾನದ ಬಣ್ಣದ ಪತ್ರವನ್ನು ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಾರೆ. ಶರಾವತಿಯವರ ಪಟ್ಟಿ ಓದುವಾಗ ನನಗೆ ಅದೇ ನೆನಪಾಯಿತು.

ಶರಾವತಿ_ತೀರ · ಸೋಮವಾರ

‘ಇದು ನಿನ್ನದು’ ಎಂಬ ಮಾತು ಹಿಡಿಸಿತು. ನನಗೂ ಸೆಳೆತ ಇರುವುದು ಅಲ್ಲೇ ಅನ್ನಿಸುತ್ತಿದೆ. ನಮ್ಮಮ್ಮನಿಗೆ ಆ ದೊಡ್ಡ ಮನೆಯಲ್ಲಿ ತನ್ನದೆಂದು ಇದ್ದದ್ದು ಒಂದು ತಗಡಿನ ಟ್ರಂಕು. ಮದುವೆಯಲ್ಲಿ ತಂದದ್ದು, ಮಂಚದ ಅಡಿ ಇರುತ್ತಿತ್ತು. ಲಾವಂಚದ ಬೇರು, ಎರಡು ಸೀರೆ, ಅಂಚೆ ಕಚೇರಿಯ ಪಾಸ್‌ಬುಕ್ಕು. ನಾವು ಮಕ್ಕಳು ಮನೆಯ ಯಾವ ಡಬ್ಬಿ ಬೇಕಾದರೂ ತೆರೆಯಬಹುದಿತ್ತು, ಅದೊಂದನ್ನು ಮುಟ್ಟುವಂತಿರಲಿಲ್ಲ.

ಮಿತಾಕ್ಷರಿ · ಸೋಮವಾರ

‘ಇದು ನಿನ್ನದು’ ಎನ್ನುವುದಕ್ಕೆ ವಕೀಲೆಯಾಗಿ ಒಂದು ತಕರಾರು. ಇಂಗ್ಲಿಷ್ ಸಾಮಾನ್ಯ ಕಾನೂನಿನಲ್ಲಿ ಮದುವೆಯಾದ ಕೂಡಲೇ ಹೆಂಡತಿಯ ಚರಾಸ್ತಿಯೆಲ್ಲ ಗಂಡನದು. ಪಾತ್ರೆ, ಹಾಸಿಗೆ, ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಅವಳೇ ಹೊಲಿದ ಬಟ್ಟೆ ಕೂಡ. ಆ ಹೂವಿನ ನಡುವೆ ದಪ್ಪಕ್ಷರದಲ್ಲಿ ಹೆಸರಿದ್ದರೂ ನ್ಯಾಯಾಲಯದ ಕಣ್ಣಿಗೆ ಆ ಹೆಸರು ಬರೀ ಬಣ್ಣ. ಪೆನ್ಸಿಲ್ವೇನಿಯಾದಲ್ಲಿ ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿಯ ಹಕ್ಕು ಕೊಟ್ಟ ಕಾಯಿದೆ ಬಂದದ್ದು 1848ರಲ್ಲಿ. ಶರಾವತಿಯವರ ಪೆಟ್ಟಿಗೆಗೆ ಸರಿಯಾಗಿ ನೂರು ವರ್ಷ ಮೊದಲು.

ಇದಕ್ಕೆ ಎದುರಾಗಿ ನಮ್ಮ ಕಡೆಯದನ್ನು ಇಟ್ಟು ನೋಡಿ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು ‘ಮುಂತಾದವು’ ಸ್ತ್ರೀಧನ ಎಂದಿದೆ. ಆ ‘ಮುಂತಾದ’ ಎಂಬ ಸಣ್ಣ ಪದವನ್ನು ಹಿಡಿದು ಎಳೆದವನು ನಮ್ಮ ವಿಜ್ಞಾನೇಶ್ವರ, ಕಲ್ಯಾಣದಲ್ಲಿ ಕುಳಿತು, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಅವಳದೇ ಎಂದು ಆ ಸ್ಮೃತಿಗೆ ಬರೆದ ‘ಮಿತಾಕ್ಷರ’ ಎಂಬ ವ್ಯಾಖ್ಯಾನದಲ್ಲಿ ಹೇಳಿದ. ಬ್ರಿಟಿಷರ ಕಾಲದಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಪೀಠವಾದ ಪ್ರೀವಿ ಕೌನ್ಸಿಲ್ ಅದನ್ನು ಅಷ್ಟು ಅಗಲಕ್ಕೆ ಒಪ್ಪಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಂಗಸಿನ ಕೈಯಲ್ಲಿರುವ ಆಸ್ತಿಗೆ ಅವಳನ್ನೇ ಪೂರ್ಣ ಒಡತಿ ಮಾಡಿತು. ಸ್ತ್ರೀಧನ ಗಂಡನ ಮನೆಯಲ್ಲಿದ್ದರೂ ಅವಳದೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು.

ನೇರಮಾತು · ಸೋಮವಾರ

ಶ್ಲೋಕ ಚೆನ್ನಾಗಿದೆ ಮೇಡಂ. ಬೀಗದ ಕೈ ಮಾತ್ರ ಅತ್ತೆಯ ಸೊಂಟದಲ್ಲಿ.

ಮಿತಾಕ್ಷರಿ · ಸೋಮವಾರ

ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಕಚೇರಿಗೆ ಬರುವ ಹತ್ತು ಪ್ರಕರಣಗಳಲ್ಲಿ ಎಷ್ಟೋ ಅದೇ ಬೀಗದ ಕೈಯವು.

ಕಡಲತಡಿ · ಸೋಮವಾರ

ನಮ್ಮ ಕರಾವಳಿಯ ಕಲೆಂಬಿ ಎಂಬ ಮರದ ಪೆಟ್ಟಿಗೆ ಕೇಳಿದ್ದೀರಾ? ಅಜ್ಜಿಯ ಮನೆಯಲ್ಲಿದ್ದದ್ದು ಹಲಸಿನ ಮರದ್ದು, ಮಂಚದಷ್ಟು ದೊಡ್ಡದು. ಮಧ್ಯಾಹ್ನ ಅದರ ಮೇಲೆಯೇ ದೊಡ್ಡಮಾವ ಮಲಗುತ್ತಿದ್ದರು. ಒಳಗಿನಿಂದ ಏನಾದರೂ ಬೇಕಿದ್ದರೆ ಅವರು ಏಳುವವರೆಗೆ ಕಾಯಬೇಕು, ಅದಕ್ಕಿಂತ ಭದ್ರವಾದ ಬೀಗ ಯಾವುದಿದೆ! ಆದರೆ ಅದು ಮನೆಯ ಪೆಟ್ಟಿಗೆ, ಮದುಮಗಳದ್ದಲ್ಲ. ಅಳಿಯಕಟ್ಟಿನ ಕುಟುಂಬದಲ್ಲಿ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುವುದರಿಂದ ಮಗಳು ಪೆಟ್ಟಿಗೆ ಕಟ್ಟಿಕೊಂಡು ಹೊರಡುವ ಪ್ರಸಂಗವೇ ಕಡಿಮೆ. ಅವಳ ಪಾಲು ನೆಲದಲ್ಲೇ ಇತ್ತು. ಮಗನಿಗೆ ನೆಲ, ಮಗಳಿಗೆ ಹೊತ್ತುಕೊಂಡು ಹೋಗುವಂಥದ್ದು ಎಂಬ ಏರ್ಪಾಡು ಇರುವಲ್ಲಿ ಮಾತ್ರ ಇಂಥ ಪೆಟ್ಟಿಗೆ ಹುಟ್ಟುತ್ತದೆ ಎಂದು ನನ್ನ ಊಹೆ. ಗುಜರಾತಿನ ಕಡೆಯ ಪಟಾರೊ ನೋಡಿ, ವಧುವಿನ ಪೆಟ್ಟಿಗೆಗೆ ಗಾಲಿಯನ್ನೇ ಹಾಕಿದ್ದಾರೆ.

ಹಳೆಕಾಗದ · ಸೋಮವಾರ

ನಿಮ್ಮ ಊಹೆಗೆ ಒತ್ತಾಸೆಯಾಗುವ ಒಂದು ಉದಾಹರಣೆ ಇದೆ, ಅಲ್ಲೂ ಮಗನಿಗೆ ನೆಲ, ಮಗಳಿಗೆ ಹೊತ್ತುಕೊಂಡು ಹೋಗುವಂಥದ್ದು. ಮ್ಯಾಸಚೂಸೆಟ್ಸ್‌ನ ಹ್ಯಾಡ್ಲಿ ಎಂಬ ಊರಿನ ಸುತ್ತ 1700ರ ಆಸುಪಾಸಿನಲ್ಲಿ ಮೈತುಂಬ ಟ್ಯುಲಿಪ್ ಎಲೆ ಕೆತ್ತಿದ ಪೆಟ್ಟಿಗೆಗಳು ತಯಾರಾದವು. ಅವುಗಳ ಮೇಲೂ ಹುಡುಗಿಯರ ಹೆಸರಿನ ಮೊದಲಕ್ಷರ. ಅದೇ ಊರಿನ ಹಾನಾ ಬರ್ನಾರ್ಡ್ ಎಂಬುವವಳ ಕಪಾಟು ಒಂದಿದೆ, ಪೆಟ್ಟಿಗೆಯಲ್ಲ, ಅದರ ಅಕ್ಕ. ಮುಂಭಾಗದ ಉದ್ದಕ್ಕೂ ಅವಳ ಪೂರ್ತಿ ಹೆಸರು. 1715ರಲ್ಲಿ ಮದುವೆಯಾದಳು, 1717ರಲ್ಲಿ ಹೆರಿಗೆಯ ಬೆನ್ನಿಗೇ ತೀರಿಕೊಂಡಳು. ಕಪಾಟು ಮಗಳು ಅಬಿಗೇಲಳಿಗೆ ಬಂತು. ಅಬಿಗೇಲ್ ತನ್ನ ಮಗಳೊಬ್ಬಳಿಗೆ ಹಾನಾ ಬರ್ನಾರ್ಡ್ ಹೇಸ್ಟಿಂಗ್ಸ್ ಎಂದು ಹೆಸರಿಟ್ಟಳು. ಮದುವೆಯೊಂದಿಗೆ ಅಳಿಸಿಹೋಗಬೇಕಾಗಿದ್ದ ತವರಿನ ಹೆಸರನ್ನು ಮರದಿಂದ ನೋಡಿ ಮೊಮ್ಮಗಳಿಗೆ ಇಟ್ಟ ಹಾಗೆ! ಮಿತಾಕ್ಷರಿಯವರು ‘ಬರೀ ಬಣ್ಣ’ ಎಂದರಲ್ಲ, ಆ ಬಣ್ಣ ಮಾಡಿದ ಕೆಲಸ ಇದು.

ಉಪ್ಪಿಟ್ಟು_ವಿರೋಧಿ · ಮಂಗಳವಾರ

ಮಧ್ಯೆ ಬಾಯಿ ಹಾಕುತ್ತೇನೆ. ಜಪಾನಿನಲ್ಲಿ ಹೆಣ್ಣುಮಗು ಹುಟ್ಟಿದರೆ ಕಿರಿ ಮರದ ಸಸಿ ನೆಟ್ಟು, ಮದುವೆ ಹೊತ್ತಿಗೆ ಅದನ್ನೇ ಕಡಿದು ಕಿಮೊನೊ ಇಡುವ ಬೀರು ಮಾಡಿಸುವ ವಾಡಿಕೆ ಇತ್ತಂತೆ. ಕಿರಿ ಬೇಗ ಬೆಳೆಯುತ್ತದೆ, ತೂಕ ಹತ್ತಿಯಷ್ಟು. ನಮ್ಮಲ್ಲಿ ಬೀಟೆ ನೆಟ್ಟರೆ ಮರಿಮಗಳ ಮದುವೆಗೂ ಸಾಲುವುದಿಲ್ಲ.

ಬಾಚಿ_ಉಳಿ · ಮಂಗಳವಾರ

ಹ್ಹ! ನಿಜ. ಮೇಡಂ, ಈಗ ನಿಮ್ಮ ಪೆಟ್ಟಿಗೆಯ ಆರೈಕೆ. ಅದು ‘ಸೀಡರ್’ ಎಂದು ಹೆಸರಾದರೂ ನಿಜವಾದ ದೇವದಾರು ಕುಲದ್ದಲ್ಲ, ಜುನಿಪರ್ ಜಾತಿ. ಪೆನ್ಸಿಲ್ ವಾಸನೆ ಎಂದಿರಲ್ಲ, ನಿಮ್ಮ ಮೂಗಿಗೆ ನೂರಕ್ಕೆ ನೂರು ಅಂಕ. ಒಂದು ಕಾಲದಲ್ಲಿ ಪೆನ್ಸಿಲ್ ಮಾಡುತ್ತಿದ್ದದ್ದೇ ಆ ಮರದಿಂದ.

ಒಳಗೆ ಪಾಲಿಶ್, ವಾರ್ನಿಶ್, ಎಣ್ಣೆ ಏನನ್ನೂ ಬಳಿಯಬೇಡಿ. ಮರದ ಎಣ್ಣೆಯ ಆವಿ ವಾರ್ನಿಶ್ಶನ್ನು ಅಂಟಂಟು ಮಾಡುತ್ತದೆ, ವಾಸನೆಯೂ ಸಾಯುತ್ತದೆ. ವಾಸನೆ ತಗ್ಗಿದಾಗ ನಯವಾದ ಉಪ್ಪುಕಾಗದದಿಂದ ಎಳೆಯ ಜೊತೆಗೆ ಹಗುರವಾಗಿ ಉಜ್ಜಿ, ಹೊಸ ಮೈ ಹೊರಬರುತ್ತದೆ. ಹೀಟರಿನ ಪಕ್ಕ ಇಡಬೇಡಿ. ಬೀಗದ ತೂತಿಗೆ ಮರದ ಬಿರಡೆ ಹಾಕಬೇಡಿ, ತೂತು ಹಾಗೇ ಇರಲಿ, ಗಾಳಿಯಾಡಲಿ.

ಇನ್ನೊಂದು ಮಾತು: ಆ ವಾಸನೆ ಹುಳವನ್ನೆಲ್ಲ ಓಡಿಸುತ್ತದೆ ಎಂದು ನಂಬಬೇಡಿ. ಆಗತಾನೆ ಮೊಟ್ಟೆಯೊಡೆದ ಎಳೆಯ ಮರಿಹುಳಕ್ಕೆ ಅದು ಕಂಟಕ, ಮೊಟ್ಟೆಗೂ ದೊಡ್ಡ ಹುಳಕ್ಕೂ ಅಲ್ಲ. ಬಟ್ಟೆ ತೊಳೆದು ಒಣಗಿಸಿಯೇ ಇಡಬೇಕು.

ಇಳಕಲ್_ಅಂಚು · ಮಂಗಳವಾರ

ಬಟ್ಟೆಯ ವಿಷಯ ನನಗೆ ಬಿಡಿ, ನನ್ನ ಹೊಟ್ಟೆಪಾಡೇ ಹಳೆಯ ಬಟ್ಟೆ ಉಳಿಸುವುದು. ಮೊದಲು ಆ ಸೂಜಿ ತೆಗೆಯಿರಿ, ಹಾಳೆಗೆ ಚುಚ್ಚಿದ ಗುಂಡುಸೂಜಿಯನ್ನೂ. ತುಕ್ಕಿನ ಕಲೆ ಒಮ್ಮೆ ಎಳೆಯೊಳಗೆ ಇಳಿದರೆ ಜನ್ಮಕ್ಕೂ ಬಿಡುವುದಿಲ್ಲ. ಸೂಜಿಯನ್ನು ಎಳೆಯಬೇಡಿ, ತುಕ್ಕಿಗೆ ನೂಲು ಅಂಟಿರುತ್ತದೆ. ಬೆರಳಿನಲ್ಲಿ ಹಗುರವಾಗಿ ಹೊರಳಿಸಿ ಬಿಡಿಸಿ.

ಪರಿಮಳದ ಮರ ಬಟ್ಟೆಗೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ಮರದಿಂದ ಹೊರಡುವ ಆಮ್ಲ, ಎಣ್ಣೆ ಎರಡೂ ತಾಗಿದಲ್ಲಿ ಬಟ್ಟೆ ಹಳದಿಯಾಗುತ್ತದೆ. ತೊಳೆದು ಗಂಜಿ ತೆಗೆದ ಕೋರಾ ಬಟ್ಟೆಯನ್ನು ಒಳಗೆ ದಪ್ಪಕ್ಕೆ ಹಾಸಿ, ಅದರ ಮೇಲೆ ಇಡಿ. ವರ್ಷಕ್ಕೆ ಎರಡು ಸಲ ತೆಗೆದು ಮಡಿಕೆ ಬದಲಿಸಿ. ರೇಷ್ಮೆ ಸೀರೆಗೂ ಇದೇ ಮಾತು, ಜರಿ ಸೀಳುವುದು ಮಡಿಕೆಯಲ್ಲೇ.

ನೇರಮಾತು ಅವರಿಗೆ ಒಂದು ಮಾತು. ನಮ್ಮ ಕಡೆ ಚಂದ್ರಕಾಳಿ ಸೀರೆಗೆ ಕಸೂತಿ ಹಾಕಿ ಮದುಮಗಳಿಗೆ ಉಡಿಸುತ್ತಿದ್ದರು. ಗಂಟು ಕಾಣಬಾರದು, ಹಿಂದೆ ಮುಂದೆ ಒಂದೇ ಥರ ಕಾಣಬೇಕು. ನಮ್ಮಜ್ಜಿ ಕೌದಿ ಹೊಲಿಯುವಾಗಲೂ ಹಾಗೆಯೇ ಹಟ. ಗಂಡನ ಮನೆಗಾಗಿ ಎಂದು ಹೇಳಿದ್ದು ಊರು. ಕೈ ಮಾತ್ರ ತನಗಾಗಿಯೇ ಓಡುತ್ತಿತ್ತು ಎಂದು ಆ ಹೊಲಿಗೆ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ನಿಮ್ಮ ಸಿಟ್ಟು ತಪ್ಪಲ್ಲ. ಆದರೆ ಸಿಟ್ಟಿನಲ್ಲಿ ಹೊಲಿಗೆಯನ್ನೂ ಹರಿದುಬಿಡಬೇಡಿ.

ಆ ಪಟ್ಟಿಯ ಬಗ್ಗೆ ಇನ್ನೊಂದು ಅನುಮಾನ. ಗೀಟು ಎಳೆದದ್ದು ತೆಗೆದು ಬಳಸಿದ್ದಕ್ಕಲ್ಲ ಅನ್ನಿಸುತ್ತದೆ, ಹೊಲಿದು ಮುಗಿಸಿದ್ದಕ್ಕೆ ಇರಬೇಕು. ಇಲ್ಲವಾದರೆ ‘ಅರ್ಧ’ ಎಂದು ಬರೆಯುವುದೇಕೆ?

ನೇರಮಾತು · ಮಂಗಳವಾರ

ಒಪ್ಪಿದೆ ಅಕ್ಕ. ಹೊಲಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಅರ್ಧಕ್ಕೆ ಬಿಟ್ಟದ್ದು ಏಕೆ ಎಂದು ಈಗ ನನಗೂ ಕುತೂಹಲ ಹತ್ತಿದೆ. ಮದುವೆ ಬೇಗ ಆಯಿತೋ, ಆಗಲೇ ಇಲ್ಲವೋ, ಇಲ್ಲ ಬೇಜಾರಾಗಿ ‘ಹೋಗಲಿ’ ಎಂದಳೋ. ಮೂರನೆಯದೇ ಆಗಿರಲಿ ಎಂದು ನನ್ನ ಆಸೆ.

ಶರಾವತಿ_ತೀರ · ಗುರುವಾರ

ಸೂಜಿ ಬಿಡಿಸಿದೆ, ಒಂದು ಎಳೆಯೂ ಕಿತ್ತುಬರಲಿಲ್ಲ. ಕಡಲೆಕಾಳಿನಷ್ಟು ತುಕ್ಕಿನ ಕಲೆ ಉಳಿದಿದೆ, ಇರಲಿ. ಕೋರಾ ಬಟ್ಟೆ ಇಲ್ಲಿ ಬೆಲೆ ಜಾಸ್ತಿ ಎಂದು ಹಳೆಯ ಕಾಟನ್ ಪಂಚೆ ತೊಳೆದು ಹಾಸಿದೆ. (ಯಜಮಾನರ ಸೊಂಟ ಸರಿಹೋಗಿದೆ, ಪಂಚೆ ಹೋದದ್ದು ಇನ್ನೂ ಗೊತ್ತಿಲ್ಲ.)

ನಿನ್ನೆ ಅಮ್ಮನಿಗೆ ವಿಡಿಯೋ ಕರೆಯಲ್ಲಿ ಆ ಟೇಬಲ್ ಕ್ಲಾತ್ ತೋರಿಸಿದೆ. ಪೆಟ್ಟಿಗೆಯ ಬಗ್ಗೆ ನಾನು ಹೇಳಿದ ಯಾವ ಇತಿಹಾಸವೂ ಅವರ ಕಿವಿಗೆ ಬೀಳಲಿಲ್ಲ. ‘ಬಟ್ಟೆ ಹತ್ತಿರ ಹಿಡಿ, ಹಿಂದುಗಡೆ ತಿರುಗಿಸು’ ಎಂದರು. ಕನ್ನಡಕ ಏರಿಸಿ ನೋಡಿ, ‘ಬಳ್ಳಿ ಕಾಂಡದ ಹೊಲಿಗೆ, ಎಲೆ ಸರಪಳಿ ಹೊಲಿಗೆ, ಏನೂ ಕಷ್ಟವಿಲ್ಲ. ಮೂಲೆ ತಿರುಗಿಸುವುದು ಅವಳಿಗೆ ತಿಳಿದಿಲ್ಲ, ಅಲ್ಲಿಗೇ ನಿಂತಿದ್ದಾಳೆ’ ಎಂದರು. ನೇರಮಾತು ಅವರ ಮೂರು ಊಹೆಗಳಲ್ಲಿ ಇದು ಇರಲಿಲ್ಲ!

ಮೇ ತಿಂಗಳಲ್ಲಿ ಅಮ್ಮ ಇಲ್ಲಿಗೆ ಬರುತ್ತಾರೆ, ಮುಗಿಸಿಕೊಡುತ್ತೇನೆ ಎಂದಿದ್ದಾರೆ. ಅಷ್ಟರಲ್ಲಿ ಆ ನೀಲಿ ದಾರ ಹುಡುಕಬೇಕು. ಮೇಲ್ಮೈಯಲ್ಲಿ ಬಣ್ಣ ಮಾಸಿದೆ, ಅಂಗಡಿಯಲ್ಲಿ ಹತ್ತು ಥರದ ನೀಲಿ ತೋರಿಸುತ್ತಾರೆ. ಯಾವುದಕ್ಕೆ ಹೊಂದಿಸಲಿ?

ಇಳಕಲ್_ಅಂಚು · ಗುರುವಾರ

ಬಟ್ಟೆ ತಿರುಗಿಸಿ, ಹಿಂಬದಿಯಲ್ಲಿ ಎರಡು ಹೂವಿನ ನಡುವೆ ದಾರ ದಾಟಿಸಿದ ಕಡೆ ನೋಡಿ. ಬೆಳಕು ಬೀಳದ ಜಾಗ, ಮೂಲ ನೀಲಿ ಅಲ್ಲಿರುತ್ತದೆ. ಅಂಗಡಿಗೆ ಹಗಲಿನಲ್ಲೇ ಹೋಗಿ, ದಾರವನ್ನು ಬಾಗಿಲ ಬಳಿಗೆ ತಂದು ಹಿಡಿದು ನೋಡಿ. ಒಂದು ಲಡಿ ಹೆಚ್ಚಿಗೆ ಕೊಳ್ಳಿ, ಅಮ್ಮ ಮೂಲೆಯನ್ನು ಒಮ್ಮೆ ಬಿಚ್ಚಿ ಮತ್ತೆ ಹಾಕುತ್ತಾರೆ.